ಗ್ರಹಣದ ದಿನದ ಸೌತೆಕಾಯಿ

ಹೆಚ್ಚಿದ ಸೌತೆಕಾಯಿಯ ವಾಸನೆ ಮೂಗಿಗೆ ಬಡಿದರೆ ಈಗಲೂ ಚಂದ್ರಾ ಲೇಔಟಿನ ಆ ಮಧ್ಯಾಹ್ನ ನೆನಪಾಗುತ್ತದೆ. ಅವತ್ತು ಸೂರ್ಯಗ್ರಹಣ. ಬಸುರಿ ಅಮ್ಮಿ ಚಾಕು ಹಿಡಿದಿದ್ದಕ್ಕೆ ನಮ್ಮಜ್ಜಿ, ದಾದಿಮಾ, ರೇಗಿದರು. ಮಸೀದಿಯಲ್ಲಿ ಗ್ರಹಣದ ನಮಾಜು ಮುಗಿಸಿ ಬಂದ ತಾತ, ದಾದಾ, "ಗ್ರಹಣ ಯಾರ ಹುಟ್ಟಿಗೂ ಸಾವಿಗೂ ಹಿಡಿಯಲ್ಲ ಅಂತ ನಮ್ಮ ಧರ್ಮದಲ್ಲೇ ಇದೆ, ಹೆಚ್ಚಲಿ ಬಿಡು" ಅಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅಬ್ಬಾ, "ನಮ್ಮ ಪಾಠದಲ್ಲೂ ಅದೇ ಇರೋದು, ಬರೀ ನೆರಳು" ಅಂತ ನಕ್ಕರು. ಅಮ್ಮಿ ಹೋಳುಗಳಿಗೆ ಉಪ್ಪು ಖಾರ ಹಚ್ಚಿ ಎಲ್ಲರಿಗೂ ಕೊಟ್ಟಳು.

ತಮ್ಮ ಸೀಳುತುಟಿಯೊಂದಿಗೆ ಹುಟ್ಟಿದ. ತೊಟ್ಟಿಲ ಮುಂದೆ ದಾದಿಮಾ, "ಅವತ್ತೇ ಬೇಡ ಅಂದೆ, ಇವಳು ಕೇಳಿದಳಾ" ಅಂದರು. ಅಮ್ಮಿ ಗಂಡಸರಿಬ್ಬರ ಮುಖ ನೋಡಿದಳು. ದಾದಾ ತಲೆ ತಗ್ಗಿಸಿ ತಸ್ಬಿಯ ಮಣಿ ಎಣಿಸುತ್ತಾ ಕೂತರು.

"ಅಮ್ಮನ ಮಾತು ಕೇಳಬೇಕಿತ್ತು ನೀನು" ಅಂದರು ಅಬ್ಬಾ.