ನಾಡಿ ಹೇಳಿದ್ದು

"ಏನಾಗೈತ್ರಿ?" ಎಂದು ಡಾಕ್ಟರ ಸೋಮಪ್ಪ ಕೇಳಿದ್ದೇ ತಡ, ಕಾಶೆವ್ವ ಮಗನ ಬಾಯಿಗೆ ತನ್ನ ಅಂಗೈ ಅಡ್ಡ ಹಿಡಿದಳು. "ಬಾಯಿ ಬಿಡಬ್ಯಾಡ ದುಂಡಪ್ಪ. ಕೈ ಕೊಡು." ನಲವತ್ತು ವರ್ಷದ ಎತ್ತಿನಂಥ ಆಳು ದುಂಡಪ್ಪ ತುಟಿ ಬಿಗಿದುಕೊಂಡು ಮಣಿಕಟ್ಟನ್ನು ಮುಂದೆ ಚಾಚಿದ.

ಸೋಮಪ್ಪನ ತಲೆ ಕೆಟ್ಟುಹೋಯಿತು. ಹುಕ್ಕೇರಿಯ ದವಾಖಾನೆಗೆ ಬಂದು ಎರಡು ತಿಂಗಳು. ಹೀಗೆ ಚಾಚಿದ ಕೈ ಇದು ಎಷ್ಟನೆಯದೋ! ಇಲ್ಲಿಯ ಹಳೆಯ ವೈದ್ಯ ನಾಡಿ ಹಿಡಿದರೆ ಮೊನ್ನೆ ಉಂಡದ್ದನ್ನೂ ಹೇಳುತ್ತಿದ್ದನಂತೆ. ರೋಗಿಯನ್ನೇ ಕೇಳಿ ತಿಳಿಯುವವನು ಎಂಥ ವೈದ್ಯ ಎಂಬುದು ಈ ಸೀಮೆಯ ನ್ಯಾಯ. ಪುಣೆಯಲ್ಲಿ ವರ್ಷಗಟ್ಟಲೆ ಕಣ್ಣು ಕೆಡಿಸಿಕೊಂಡು ಓದಿದ್ದು ಈ ಪರೀಕ್ಷೆಗೆ ಕೂರುವುದಕ್ಕೇ? ಮೂಡಲಗಿಯಲ್ಲಿ ಅವನ ಸ್ವಂತ ಅಜ್ಜಿಯೂ ಹೀಗೆಯೇ ಇದ್ದಳು. ಅದು ನೆನಪಾಗಿ ಸಿಟ್ಟು ಇನ್ನಷ್ಟು ಏರಿತು.

"ಅವ್ವಾ, ಜ್ವರಾ ಅಂತೂ ಐತಿ. ಯಾವಾಗಿಂದ ಐತಿ? ಚಳಿ ಬರತೈತೇನು? ಹೊಟ್ಟಿ ನೋಯ್ತೈತೇನು?"

"ಎಲ್ಲಾ ನಾವ ಹೇಳಿದ್ರ ನೀವ್ಯಾಕ್ರಿ ಮತ್ತ?" ಎಂದಳು ಕಾಶೆವ್ವ. "ಘೋಡಗೇರಿಯಿಂದ ಗಾಡಿ ಹೂಡಕೊಂಡ ಬಂದದ್ದು ಜ್ವರಾ ಐತಿ ಅಂತ ಕೇಳಾಕಲ್ಲ. ಅದು ನಮಗೂ ಗೊತ್ತೈತಿ."

"ದುಂಡಪ್ಪ, ನೀವಾದ್ರೂ ಹೇಳ್ರಿ!"

ದುಂಡಪ್ಪ ತಾಯಿಯ ಮುಖ ನೋಡಿದ. ತಾಯಿ ಮೇಲಿನ ಜಂತಿ ನೋಡಿದಳು. ಸೋಮಪ್ಪ ಚೀಟಿ ಎಳೆದುಕೊಂಡು, "ಕ್ವಿನೈನು ಕೊಟ್ಟ ಕಳಸ್ರಿ, ಸಾಕು," ಎಂದ. ಕಂಪೌಂಡರ ನಿಜಾಮಸಾಬ ಸೀಸೆ ಮುಟ್ಟಲಿಲ್ಲ. ಇಪ್ಪತ್ತು ವರ್ಷದಿಂದ ಈ ದವಾಖಾನೆಯಲ್ಲಿದ್ದವನು ಅವನು. ಹತ್ತಿರ ಬಂದು ಮೆಲ್ಲಗೆ, "ಸಾಹೇಬ್ರ, ಒಂದ ಸಲ ಕೈ ಹಿಡೀರಲಾ. ನಿಮ್ಮ ಗಂಟೇನ ಹೋಗತೈತಿ?" ಎಂದ.

ಸೋಮಪ್ಪ ಹಲ್ಲು ಕಚ್ಚಿಕೊಂಡು ಕೈ ಹಿಡಿದ. ಕಣ್ಣು ಮುಚ್ಚಿದ, ಭಕ್ತಿಯಿಂದಲ್ಲ, ಮುದುಕಿಯ ಮುಖ ನೋಡಲಾರದೆ. ಆಗ ಮೂಗಿಗೆ ಬಡಿಯಿತು: ಖಾರದ ಪುಡಿ, ಅದರೊಳಗೆ ಎಣ್ಣೆ. ಈ ಎರಡನ್ನೂ ಕಲಸಿ ಗಾಯಕ್ಕೆ ತುಂಬುವುದು ಯಾವಾಗ ಎಂದು ಮೂಡಲಗಿಯ ಅಜ್ಜಿಯ ಮೊಮ್ಮಗನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಣ್ಣು ತೆರೆದು ನೋಡಿದ. ದುಂಡಪ್ಪನ ಧೋತರ ಬಲಗಾಲಿನಲ್ಲಿ ಮೊಣಕಾಲ ಮೇಲಿತ್ತು, ಎಡಗಾಲಿನಲ್ಲಿ ಮಾತ್ರ ಹಿಮ್ಮಡಿಯ ತನಕ ಇಳಿದಿತ್ತು.

"ನಾಡಿ ಎಡಗಾಲಿಗೆ ಹೋಗೇತಿ," ಎಂದ ನಿಧಾನವಾಗಿ. "ಅಲ್ಲೆ ನಾಯಿ ಹಲ್ಲ ನಟ್ಟೈತಿ."

ಕಾಶೆವ್ವ ಎರಡೂ ಕೈ ಜೋಡಿಸಿದಳು. "ನೋಡಪಾ! ಇಷ್ಟ ಗೊತ್ತಿದ್ದಾಂವ ಇಷ್ಟೊತ್ತನಕಾ ಯಾಕ ನಮ್ಮ ಜೀವಾ ತಿಂದಿ?" ಆಮೇಲೆ ಕೇಳುವುದೇ ಬೇಡ, ಎಲ್ಲವೂ ತಾನಾಗಿ ಹೊರಬಿತ್ತು. ಎಂಟು ದಿನದ ಹಿಂದೆ ಹೊಲದ ಬದುವಿನಲ್ಲಿ ಯಾರದೋ ನಾಯಿ ಕಚ್ಚಿತ್ತು. ಗಾಯಕ್ಕೆ ಖಾರ ತುಂಬಿದ್ದರು. ಕಾಲು ಬಾತು ನಿನ್ನೆಯಿಂದ ಜ್ವರ ಬಂದಿತ್ತು.

"ಆ ನಾಯಿ ಈಗ ಎಲ್ಲೈತಿ?"

"ಮರದಿವಸ ಜೊಲ್ಲ ಸುರಿಸಿ ಸತ್ತ ಹೋತ್ರಿ," ಎಂದ ದುಂಡಪ್ಪ. ತಾಯಿ ಈಗ ತಡೆಯಲಿಲ್ಲ.

ಹುಚ್ಚುನಾಯಿ! ಸೋಮಪ್ಪ ಕ್ವಿನೈನು ಕೊಟ್ಟು ಕಳಿಸುವವನಿದ್ದ! "ಬೆಳಗಾವಿಗೆ ಹೋಗಬೇಕು, ಇವತ್ತ. ಹೊಟ್ಟಿಗೆ ಹದಿನಾಲ್ಕ ಸೂಜಿ ಹಾಕತಾರ."

"ಖಾರಾ ತುಂಬೇವಲ್ಲಪಾ, ವಿಷಾ ಸುಟ್ಟ ಹೋಗಿರತೈತಿ. ಸುಗ್ಗಿ ಬಿಟ್ಟ ಹೆಂಗ ಹೋಗೂದು?"

ಓದಿದ ಪುಸ್ತಕವೆಲ್ಲ ಸೋಮಪ್ಪನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಮತ್ತೆ ದುಂಡಪ್ಪನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದ. "ವಿಷಾ ಸುಟ್ಟಿಲ್ಲ, ಬೆರಳಿಗೆ ಹತ್ತಾಕತ್ತೇತಿ. ಹನ್ನೊಂದರ ಮೋಟಾರ ಹಿಡದ್ರ ಉಳೀತಾನ ಅಂತೈತಿ ನಾಡಿ. ತಪ್ಪಿದ್ರ ಇಲ್ಲ."

"ಏಳೋ ದುಂಡಪ್ಪ!" ಎಂದಳು ಕಾಶೆವ್ವ. ಮತ್ತೊಂದು ಮಾತು ಕೇಳಲಿಲ್ಲ.

ಉಳಿಯುತ್ತಾನೆಂದು ಯಾವ ನಾಡಿಯೂ ಹೇಳಿರಲಿಲ್ಲ. ಮುಂದೆ ಎಷ್ಟೋ ದಿನ ಸೋಮಪ್ಪನಿಗೆ ಅನ್ನ ಸೇರಲಿಲ್ಲ. ತಿಂಗಳು ದಾಟಿದ ಮೇಲೆ ಒಂದು ಮುಂಜಾನೆ ದುಂಡಪ್ಪ ಗಟ್ಟಿಮುಟ್ಟಾಗಿ ಬಾಗಿಲಲ್ಲಿ ನಿಂತಿದ್ದ. "ಹೆಂಗದೀರಿ?" ಎಂದು ಸೋಮಪ್ಪ ಎದ್ದೇ ಬಂದ. ದುಂಡಪ್ಪ ತುಟಿ ಬಿಚ್ಚದೆ, ನಗುತ್ತ ಮಣಿಕಟ್ಟು ಚಾಚಿದ.

ಅವನ ಹಿಂದೆ ಕಟ್ಟೆಯುದ್ದಕ್ಕೂ ಘೋಡಗೇರಿಯವರು ಸಾಲಾಗಿ ಕೂತಿದ್ದರು, ಬಾಯಿ ಮುಚ್ಚಿ, ಕೈ ಚಾಚಿ. ನಿಜಾಮಸಾಬ ಗೋಡೆಯ ಕಡೆ ತಿರುಗಿ ನಗು ತಡೆದುಕೊಂಡ. ಸೋಮಪ್ಪ ನಿಟ್ಟುಸಿರು ಬಿಟ್ಟು ಮೊದಲ ಕೈ ಹಿಡಿದ, ಕಣ್ಣು ಮುಚ್ಚಿದ, ಮೂಗನ್ನು ಮಾತ್ರ ತೆರೆದಿಟ್ಟ.