ಪೊರೆ ಎತ್ತುವ ಕೈ

"ಮೇಲ್ಗಡೆ ಯಾರೋ ಕುಣೀತಿದ್ದಾರೆ! ಹೋಗಿ ನಿಲ್ಲಿಸೋಕೆ ಹೇಳು!"

ಪೊರೆ ಮೇಷ್ಟ್ರು ಚಿಮಟವನ್ನು ಮೇಜಿನ ಮೇಲೆ ಕುಕ್ಕಿದರು. ಗಾಜಿನ ತಟ್ಟೆಯ ನೀರು ಮತ್ತೊಮ್ಮೆ ಅಲುಗಿತು. ಆ ನೀರಿನ ಮೇಲೆ ಗ್ರಾಫೀನ್ ತೇಲುತ್ತಿತ್ತು. ಇಂಗಾಲದ ಪರಮಾಣುಗಳ ಒಂದೇ ಒಂದು ಪದರದ ಪೊರೆ. ಮೇಲೆ ಬಳಿದ ಪ್ಲಾಸ್ಟಿಕ್ ಲೇಪ ಬೆಳಕಿಗೆ ಮಿನುಗದೆ ಹೋಗಿದ್ದರೆ ಅಲ್ಲೊಂದು ವಸ್ತುವಿದೆ ಎಂದು ಆಣೆ ಮಾಡಿ ಹೇಳಿದರೂ ಯಾರೂ ನಂಬುತ್ತಿರಲಿಲ್ಲ. ಕುಲುಮೆಯೊಳಗೆ ತಾಮ್ರದ ಹಾಳೆಯ ಮೇಲೆ ಅದನ್ನು ಬೆಳೆಸಿ, ತಾಮ್ರವನ್ನು ಕರಗಿಸಿ, ತೊಳೆದು ತೇಲಿಬಿಟ್ಟಾಗಿತ್ತು. ಉಳಿದದ್ದು ಒಂದೇ ಕೆಲಸ. ಉಗುರಿನಗಲದ ಚಿಪ್ ಅನ್ನು ಚಿಮಟದಲ್ಲಿ ಹಿಡಿದು, ಪೊರೆಯ ಅಡಿಗೆ ಓರೆಯಾಗಿ ತೂರಿಸಿ, ಉಸಿರು ಬಿಗಿಹಿಡಿದು ಮೇಲೆತ್ತಬೇಕು. ಸುಕ್ಕಾದರೆ ಕಸ, ಹರಿದರೂ ಕಸ.

ಇನ್ನೊಂದು ಪೊರೆ ಬೆಳೆಸೋಣವೆಂದರೆ ಕುಲುಮೆ ಕೆಟ್ಟು ಕೂತಿತ್ತು. ರಕ್ತದ ಹನಿಯಲ್ಲೇ ಸೋಂಕಿನ ಸುಳಿವು ಹಿಡಿಯುವ ಈ ಚಿಪ್ ನೋಡಲು ಆಸ್ಪತ್ರೆಯವರು ಮಧ್ಯಾಹ್ನ ಬರುವವರಿದ್ದರು. ಬರಲಿ, ಅದಕ್ಕೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಎತ್ತುವವರು ಪೊರೆ ಮೇಷ್ಟ್ರು ತಾನೆ? ಬೇರೆ ಲ್ಯಾಬಿನವರೂ ತಟ್ಟೆ ಹಿಡಿದುಕೊಂಡು ಅವರ ಬಾಗಿಲಿಗೇ ಬರುತ್ತಿದ್ದರು. ಪೊರೆ ಎತ್ತುವಾಗ ಮೇಷ್ಟ್ರು ಹೃದಯವನ್ನೂ ಆಫ್ ಮಾಡಿರುತ್ತಾರೆ ಎಂದು ಹುಡುಗರು ತಮಾಷೆ ಮಾಡುತ್ತಿದ್ದರು. ಆ ತಮಾಷೆ ಕಿವಿಗೆ ಬಿದ್ದಾಗಲೆಲ್ಲ ಮೇಷ್ಟ್ರು ಒಳಗೊಳಗೇ ಹಿಗ್ಗುತ್ತಿದ್ದರು.

ಮೇಲೆ ಹೋಗಿದ್ದ ಹುಡುಗಿ ಏದುಸಿರು ಬಿಡುತ್ತಾ ಬಂದಳು. ಅವರ ಹೆಂಡತಿಯ ಅಣ್ಣನ ಮಗಳು, ಅವರ ಕೈಕೆಳಗೇ ಸಂಶೋಧನೆ ಮಾಡುತ್ತಿದ್ದವಳು. ಮನೆಯಲ್ಲಿ ಮಾವ, ಇಲ್ಲಿ ಸರ್ ಎಂದು ಅವರೇ ಮೊದಲ ದಿನ ತಾಕೀತು ಮಾಡಿದ್ದರು.

"ಮೇಲೆ ಬೀಗ ಹಾಕಿದೆ ಸರ್. ಯಾರೂ ಇಲ್ಲ."

"ಹಂಗಾದ್ರೆ ಪಂಪಿಂದು. ಆಫ್ ಮಾಡು. ಏಸಿನೂ ಆಫ್ ಮಾಡು. ಆ ಫ್ರಿಜ್ ಗೊರಗೊರ ಅಂತಿದೆ, ಪ್ಲಗ್ ಕೀಳು!"

ಮೇಷ್ಟ್ರು ಕಾಲು ಸುಟ್ಟ ಬೆಕ್ಕಿನಂತೆ ಕೋಣೆ ತುಂಬ ಓಡಾಡಿದರು. ಮಂಡಿಯೂರಿ ಮೇಜಿನ ಕಾಲುಗಳಡಿಗೆ ರಬ್ಬರ್ ತುಂಡು ತುರುಕಿದರು. ಹೊರಗೆ ಸಿಲಿಂಡರ್ ಗಾಡಿ ತಳ್ಳಿಕೊಂಡು ಬಂದವನನ್ನು ಬೈದು ಬಂದ ದಾರಿಯಲ್ಲೇ ವಾಪಸು ಅಟ್ಟಿದರು. ಬೆವರು ಒರೆಸಿಕೊಂಡು, ಹೊಸ ಕೈಗವಸು ಏರಿಸಿ, ಮತ್ತೆ ಚಿಪ್ ಹಿಡಿದರು. ಅದರ ತುದಿ ನೀರಿಗೆ ತಾಗಿದ್ದೇ ತಡ, ಅಲೆಯೆದ್ದಿತು. ಪೊರೆ ಜಾರಿ ತಟ್ಟೆಯ ಅಂಚಿಗೆ ಬಡಿದು ಅದರ ಒಂದು ಮೂಲೆ ಮಡಚಿಕೊಂಡಿತು; ನಡುಭಾಗ ಮಾತ್ರ ಇನ್ನೂ ಸರಿಯಾಗಿತ್ತು. ಹುಡುಗಿ "ಅಯ್ಯೋ" ಅಂದೇಬಿಟ್ಟಳು.

"ಕಟ್ಟಡಾನೇ ಸರಿಯಿಲ್ಲ!" ಮೇಷ್ಟ್ರು ಚಿಮಟ ಹಿಂದಕ್ಕೆಳೆದುಕೊಂಡರು. "ಕಟ್ಟಿದವನ ಕೈಗೆ ಅದೇನು ಬಡಿದಿತ್ತೋ..."

ಕೈ ಎಂದದ್ದೇ ಅವರಿಗೆ ತಮ್ಮ ಒಡಹುಟ್ಟಿದ ಅಣ್ಣನ ನೆನಪಾಯಿತು. ಅಣ್ಣ ಮೊದಮೊದಲು ಲೋಟ ನುಣುಪು ಎನ್ನುತ್ತಿದ್ದರು. ಆಮೇಲೆ ಕುರ್ಚಿ ಅಲ್ಲಾಡುತ್ತದೆ ಎಂದರು. ಪೆನ್ನು ಸರಿಯಿಲ್ಲವೆಂದು ಅಂಗಡಿಯವನ ಜೊತೆ ಜಗಳವಾಡಿ ಬಂದರು. ಮನೆಮಂದಿಗೆಲ್ಲ ಗೊತ್ತಾಗಿದ್ದ ವಿಷಯ ಅಣ್ಣನೊಬ್ಬರಿಗೇ ಗೊತ್ತಿರಲಿಲ್ಲ. ಈಗ ಅತ್ತಿಗೆ ತುತ್ತು ಮಾಡಿ ತಿನ್ನಿಸಬೇಕು.

"ಸರ್, ಒಂದ್ನಿಮಿಷ ಕೈ ದೂರ ಇಟ್ಕೊಳ್ಳಿ," ಎಂದಳು ಹುಡುಗಿ.

ಇಟ್ಟುಕೊಂಡರು. ನೀರು ನಿಧಾನವಾಗಿ ನಿಶ್ಚಲವಾಯಿತು. ಚಾವಣಿಯ ಟ್ಯೂಬ್‌ಲೈಟ್ ಅದರಲ್ಲಿ ಒಂದೇ ನೇರ ಗೆರೆಯಾಗಿ ಮೂಡಿತು. ಎಷ್ಟು ಹೊತ್ತು ನೋಡಿದರೂ ಅದು ಅಲುಗಲಿಲ್ಲ.

"ಈಗ ಹಿಡೀರಿ."

ಚಿಪ್‌ನ ತುದಿ ತಾಗಿತು. ಗೆರೆ ನುಚ್ಚುನೂರಾಯಿತು.

ಹುಡುಗಿ ಅವರ ಮುಖ ನೋಡಲಿಲ್ಲ. ನೀರನ್ನೇ ನೋಡುತ್ತಾ, "ಮಾವ," ಎಂದಳು. ಅಷ್ಟೇ.

ಇಲ್ಲಿ ಸರ್ ಅನ್ನು ಎಂದು ಗದರಲು ಮೇಷ್ಟ್ರು ಬಾಯಿ ತೆರೆದರು, ಕಣ್ಣು ಚಿಮಟ ಹಿಡಿದ ಕೈಯ ಮೇಲೆ ಬಿತ್ತು. ಅವರಿಗೆ ಭಯವಾಯಿತು. ಪೊರೆ ಹೋದರೆ ಕುಲುಮೆ ರಿಪೇರಿಯಾದ ಮೇಲೆ ಇನ್ನೊಂದು ಬೆಳೆಸಬಹುದು. ಈ ಕೈ ಹೋದರೆ ತಾನು ಈ ಕೋಣೆಯಲ್ಲಿ ಯಾರು?

"ನಿಂಗೆ ಯಾವಾಗಿಂದ ಗೊತ್ತು?"

"ಅತ್ತೆ ಕೇಳಿದ್ರು, ಲ್ಯಾಬಲ್ಲೂ ಹಿಂಗೇನಾ ಅಂತ."

"ಏನಂದೆ?"

"ಇಲ್ಲ ಅತ್ತೆ, ಲ್ಯಾಬಲ್ಲಿ ಸರಿಯಾಗೇ ಇರ್ತಾರೆ ಅಂದೆ."

ಮೇಷ್ಟ್ರು ಕಿಟಕಿಯ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು. ಇನ್ನೇನಾದರೂ ಆಫ್ ಮಾಡುವುದು ಉಳಿದಿದೆಯೇ ಎಂದು ಹುಡುಕುವವರಂತೆ ಗೋಡೆಯ ಸ್ವಿಚ್ಚುಗಳನ್ನೂ ನೋಡಿದರು. ದೀಪದ್ದೊಂದು ಬಿಟ್ಟು ಎಲ್ಲವೂ ಆಫ್ ಆಗಿದ್ದವು. ಕೊನೆಗೆ ಚಿಮಟವನ್ನು ಅವಳ ಕಡೆಗೆ ಚಾಚಿದರು.

"ತಗೋ. ನೀನು ಎತ್ತು."

"ನಾನಾ? ಬೇಡ ಮಾವ, ನನ್ ಕೈಲಾಗಲ್ಲ. ಇರೋದೇ ಇದೊಂದು!"

"ಹಿಡಿ ಅಂದ್ನಲ್ಲ."

ಅವಳು ಹಿಡಿದಳು. ಚಿಪ್‌ನ ತುದಿ ನೀರಿನ ಮೇಲೆ ಗಾಳಿಯಲ್ಲೇ ಪತರಗುಟ್ಟಿತು. ಅವಳ ಕಣ್ಣಲ್ಲಿ ನೀರು ತುಂಬಿತು.

"ನೋಡಿ ಮಾವ, ನನ್ ಕೈಯೂ ನಡುಗ್ತಿದೆ."

"ನಿಂದು ಹೆದರಿಕೆಗೆ ನಡುಗ್ತಿರೋದು," ಎಂದರು ಮೇಷ್ಟ್ರು, ತಮ್ಮ ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಅವುಚಿಕೊಂಡು. "ಅದು ನಿಲ್ಲುತ್ತಮ್ಮ."