ಎಡಗಡೆಯ ಎಂಜಿನ್ನು

"ಎಡಗಡೇದು ಕೆಮ್ತಾ ಇದೆ," ಅಂದರು ಅಪ್ಪ.

ರಿಮೋಟಿನ ಕಡ್ಡಿಯ ಮೇಲೆ ಹೆಬ್ಬೆರಳಿಟ್ಟು ನಿಂತಿದ್ದ ಮಗನಿಗೆ ಅಂಥದ್ದೇನೂ ಕೇಳಿಸಲಿಲ್ಲ. ಎದುರಿಗೆ ಮೈದಾನದ ಟಾರು ಪಟ್ಟಿಯ ಮೇಲೆ, ಹನ್ನೊಂದು ಅಡಿ ರೆಕ್ಕೆಯ ಯುದ್ಧವಿಮಾನದ ಮಾದರಿ ಎರಡೂ ಎಂಜಿನ್ನುಗಳನ್ನು ಗುಡುಗಿಸುತ್ತ ಸಣ್ಣಗೆ ನಡುಗುತ್ತಿತ್ತು. ಲೇತ್ ಕೆಲಸ ಮುಗಿಸಿ ಬಂದ ಸಂಜೆಗಳನ್ನೆಲ್ಲ ಆರು ವರ್ಷ ಅದಕ್ಕೆ ಸುರಿದಿದ್ದ. ಮಂಚ ಪಡಸಾಲೆಗೆ ಬಂತು, ರೆಕ್ಕೆ ಕೋಣೆಗೆ ಹೋಯಿತು ಎಂದು ಕಂಡವರ ಹತ್ತಿರವೆಲ್ಲ ದೂರು ಹೇಳಿಕೊಂಡೇ ಅವನ ಹೆಂಡತಿ ಆ ರೆಕ್ಕೆಗೆ ಬಟ್ಟೆ ಹೊದಿಸಿ, ಒಂದು ಸುಕ್ಕಿಲ್ಲದಂತೆ ಇಸ್ತ್ರಿ ಎಳೆದಿದ್ದಳು. ಬಣ್ಣ, ರಿವೆಟ್ಟಿನ ಸಾಲು, ಬಾಲದ ಮೇಲಿನ ನಂಬರು ಎಲ್ಲವೂ ಅಪ್ಪ ಹೇಳಿ ಬರೆಸಿದ್ದು. ಯುದ್ಧದ ಕಾಲದಲ್ಲಿ ಇದೇ ನಂಬರಿನ ವಿಮಾನಕ್ಕೆ ಅವರು ಮೂರು ವರ್ಷ ಮೆಕ್ಯಾನಿಕ್ಕಾಗಿದ್ದರು. ಅದು ಆಮೇಲೆ ಏನಾಯಿತು ಎಂದು ಯಾರಾದರೂ ಕೇಳಿದರೆ "ಹಾರಿ ಹೋಯ್ತು" ಅನ್ನುತ್ತಿದ್ದರು, ಅಷ್ಟೇ.

"ಮೀಟರ್ ಹಿಡಿದು ನೋಡಿದೀನಿ ಅಪ್ಪ. ಎರಡೂ ಒಂದೇ ಸಮ ತಿರುಗ್ತಿವೆ."

"ಮೀಟರ್ ಅವತ್ತೂ ಸರಿಯಾಗೇ ಇತ್ತು."

"ಯಾವತ್ತು?"

ಎಂಬತ್ತೇಳರ ಅಪ್ಪ ಕೋಲೂರಿಕೊಂಡು, ತಿರುಗುತ್ತಿದ್ದ ಪ್ರೊಪೆಲ್ಲರುಗಳ ಕಡೆಗೇ ನಡೆದುಬಿಟ್ಟರು. "ಮಾವ, ನಿಲ್ಲಿ," ಎಂದು ಹೆಂಡತಿ ಓಡಿ ಹೋಗಿ ತೋಳು ಹಿಡಿದಳು. ಮಗ ಧಡಬಡಿಸಿ ಎಂಜಿನ್ನು ಆರಿಸಿದ. ಕೂಡಲೇ ಸಿಟ್ಟು ನೆತ್ತಿಗೇರಿತು. "ಗಾಳಿ ಜಾಸ್ತಿ ಅಂತ ಮೂರು ಭಾನುವಾರ ವಾಪಸ್ ಹೋದ್ವಿ. ಇವತ್ತು ಒಂದು ಎಲೆ ಅಲ್ಲಾಡ್ತಿಲ್ಲ. ಮನೇಲಿ ಕರೆಗಂಟೆ ಹೊಡೆದ್ರೆ ನಿಮಗೆ ಕೇಳಲ್ಲ, ಈ ಗದ್ದಲದಲ್ಲಿ ಕೆಮ್ಮು ಕೇಳಿಸ್ತಾ?" ಅಂದವನು, ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಅಪ್ಪ ಬೇಸರಪಟ್ಟುಕೊಂಡಂತೆ ಕಾಣಲಿಲ್ಲ. ಹೆಂಡತಿ ತಂದಿಟ್ಟ ಮಡಿಚುವ ಕುರ್ಚಿಯಲ್ಲಿ ನಿಧಾನವಾಗಿ ಕೂತರು.

"ಅವತ್ತೂ ಹಿಂಗೇ. ಒಂದೇ ಒಂದು ಸಲ ಕೆಮ್ತು. ಸಾಹೇಬರು ಗಡಿಯಾರ ನೋಡ್ತಾ ನಿಂತಿದ್ರು. ಮೀಟರ್ ಸರಿ ಇದೆಯಲ್ಲ, ಸಹಿ ಹಾಕು ಅಂದ್ರು. ಮೆಕ್ಯಾನಿಕ್ ಸಹಿ ಇಲ್ದೆ ವಿಮಾನ ನೆಲ ಬಿಡೋ ಹಾಗಿರ್ಲಿಲ್ಲ." ಕೋಲನ್ನು ನೆಲಕ್ಕೊತ್ತಿ ಹೇಳಿದರು, "ಹಾಕ್ದೆ."

"ಒಳಗೆ ಯಾರಿದ್ರು ಮಾವ?" ಹೆಂಡತಿ ಮೆಲ್ಲಗೆ ಕೇಳಿದಳು.

"ಇಬ್ರು ಹುಡುಗ್ರು ಕಣಮ್ಮ. ಮೀಸೆ ಕೂಡ ಸರಿಯಾಗಿ ಬಂದಿರ್ಲಿಲ್ಲ. ಮೇಲೆ ಚಳಿ ಅಂತ ಒಬ್ಬ ನನ್ನ ಸ್ವೆಟರ್ ಹಾಕ್ಕೊಂಡು ಹೋಗಿದ್ದ. ಕತ್ತಲಾಗೋವರೆಗೂ ನಾನು ಆ ಪಟ್ಟಿ ತುದೀಲೇ ನಿಂತಿದ್ದೆ."

ಮಗ ಟೂಲ್ ಬಾಕ್ಸು ತೆರೆದು, ಮಂಡಿಯೂರಿ, ಎಡಗಡೆಯ ಎಂಜಿನ್ನಿನ ಮುಚ್ಚಳ ಬಿಚ್ಚಿದ. ಪೆಟ್ರೋಲಿನ ಕೊಳವೆಯನ್ನು ಇಂಚಿಂಚೂ ಬೆರಳಾಡಿಸಿ ನೋಡಿದ. ತಂತಿ ನೋಡಿದ, ಬೋಲ್ಟು ನೋಡಿದ. ಎಲ್ಲೂ ಏನೂ ಇರಲಿಲ್ಲ. ಕೊನೆಗೆ ಪ್ಲಗ್ಗು ಬಿಚ್ಚಿದ. ಅದರ ತುದಿ ಹದವಾಗಿ ಸುಟ್ಟ ಬಿಸ್ಕತ್ತಿನ ಬಣ್ಣಕ್ಕಿತ್ತು. ಎಂಜಿನ್ನು ಕಲ್ಲುಗುಂಡಿನ ಹಾಗಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅಪ್ಪ ನೋಡಿದರೆ ಒಂದೇ ನೋಟಕ್ಕೆ ತಿಳಿದುಬಿಡುತ್ತಿತ್ತು. ಅವನು ಅದನ್ನು ಅಂಗೈಯಲ್ಲಿ ಮುಚ್ಚಿ ಜೇಬಿಗಿಳಿಸಿದ, ಹೊಸದೊಂದನ್ನು ಕೂರಿಸಿ ತಿರುಗಿಸಿದ.

"ಪ್ಲಗ್ ಹೋಗಿತ್ತು ಅಪ್ಪ. ನೀವು ಹೇಳಿದ್ದು ಒಳ್ಳೇದಾಯ್ತು."

ಹೆಂಡತಿ ಅವನ ಜೇಬನ್ನೊಮ್ಮೆ ನೋಡಿ, ಆಚೆ ಮುಖ ಮಾಡಿ ನಿಂತಳು.

ಎಂಜಿನ್ನುಗಳು ಮತ್ತೆ ಹತ್ತಿಕೊಂಡವು. ಅಪ್ಪ ಕಣ್ಣು ಮುಚ್ಚಿ, ಕತ್ತು ವಾಲಿಸಿ, ತುಂಬಾ ಹೊತ್ತು ಕೇಳಿದರು. ಅವಸರ ಮಾಡುವವರು ಅಲ್ಲಿ ಯಾರೂ ಇರಲಿಲ್ಲ. "ಈಗ ಬಿಡು," ಅಂದರು.

ವಿಮಾನ ಪಟ್ಟಿಯುದ್ದಕ್ಕೂ ಓಡಿ, ಬಾಲ ಎತ್ತಿ, ನೆಲ ಬಿಟ್ಟಿತು. ಎರಡೂ ಎಂಜಿನ್ನು ಒಂದೇ ಉಸಿರಿನಲ್ಲಿ ಮೊರೆಯುತ್ತಿದ್ದವು. ತಲೆಕೆಳಗಾಗಿ ಹಾರಿಸುವುದು, ಲಾಗ ಹೊಡೆಸುವುದು, ಹೀಗೆ ಮಗ ಮೊದಲ ದಿನಕ್ಕೆಂದು ಮನಸ್ಸಿನಲ್ಲೇ ಏನೇನೋ ಹಾಕಿಕೊಂಡಿದ್ದ. ಯಾವುದನ್ನೂ ಮಾಡಲಿಲ್ಲ. ಎತ್ತರಕ್ಕೆ ಒಯ್ದು, ದೊಡ್ಡದಾಗಿ ನಾಲ್ಕು ಸುತ್ತು ಹಾಕಿಸಿ, ಸಂಜೆಯ ಬಿಸಿಲಿನಲ್ಲಿ ಮೆತ್ತಗೆ ತಿರುಗಿಸಿದ. ಹೆಂಡತಿ ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಿದ್ದಳು. ಅಪ್ಪ ಮಾತ್ರ ಮೇಲೆ ನೋಡಲೇ ಇಲ್ಲ. ಅವರ ಕಣ್ಣು ಪಟ್ಟಿಯ ಆಚೆ ತುದಿಯಲ್ಲಿ ನೆಟ್ಟಿತ್ತು.

ಆ ತುದಿಯಿಂದಲೇ ಅದು ಬಂತು. ಚಕ್ರ ನೆಲ ಮುಟ್ಟಿ, ಒಮ್ಮೆ ಪುಟಿದು, ಹರಿದು ಬಂದು ನಿಂತಿತು. ಪ್ರೊಪೆಲ್ಲರುಗಳು ನಿಂತವು.

ಅಪ್ಪ ಎದ್ದು ಹತ್ತಿರ ಹೋದರು. ಈ ಸಲ ಯಾರೂ ತಡೆಯಲಿಲ್ಲ. ಬಿಸಿಯಾರದ ಎಂಜಿನ್ನಿನ ಮೇಲೆ ಅಂಗೈಯಿಟ್ಟು, ಕಷ್ಟಪಟ್ಟು ಬಗ್ಗಿ, ಗಾಜಿನ ಒಳಗೆ ಪಕ್ಕಪಕ್ಕ ಕೂತಿದ್ದ ಗೇಣುದ್ದದ ಬೊಂಬೆ ಪೈಲಟ್ಟುಗಳಿಬ್ಬರನ್ನೂ ನೋಡಿದರು.

"ಯಾಕ್ರಪ್ಪಾ," ಅಂದರು, "ಇಷ್ಟೊಂದು ತಡ?"